ಪ್ಲೇಗು ಶೆಡ್ಡಿನಲ್ಲಿ ನಮ್ಮ ಮಾವ

ನಮ್ಮ ಸೋದರಮಾವನನ್ನು ಕಂಡರೆ ಪ್ಲೇಗು ಕೂಡ ಹೆದರಿ ಓಡುತ್ತಿತ್ತೆಂದು ಹೊಸದುರ್ಗದಲ್ಲಿ ಈಗಲೂ ಹೇಳುವವರಿದ್ದಾರೆ. ನಂಬಬೇಡಿ. ಪ್ಲೇಗಿಗೆ ಅವನ ಪರಿಚಯವೇ ಇರಲಿಲ್ಲ. ಪರಿಚಯವಿದ್ದವರು ಅಮಲ್ದಾರರು, ಶೇಕದಾರರು, ಚಿತ್ರದುರ್ಗದಿಂದ ಗಾಡಿಯಲ್ಲಿ ಬರುತ್ತಿದ್ದ ಡಾಕ್ಟರು. ಹೆದರುತ್ತಿದ್ದವರೂ ಅವರೇ. ಇನ್ನು ನಾನು ಅವನ ಅಕ್ಕನ ಮಗ. ಹೆದರುವ ಹಕ್ಕು ನನಗೆ ಹುಟ್ಟಿನಿಂದಲೇ ಬಂದಿತ್ತು!

ಶ್ರೀರಾಂಪುರದಲ್ಲಿ ನಮ್ಮ ತಾತನದು ಕೊಬ್ಬರಿ ವ್ಯಾಪಾರ. ಮಾವನನ್ನು ಗಲ್ಲಾಪೆಟ್ಟಿಗೆಯ ಮುಂದೆ ಕೂರಿಸಿದರು. ಕೊಳ್ಳಲು ಬಂದವರಿಗೆ ಅವನು, "ಈ ಮೂಟೆ ತಳದಾಗೆ ಮುಗ್ಗು ಹಿಡದೈತ್ರಿ, ಬ್ಯಾಡ" ಎನ್ನುತ್ತಿದ್ದ. ಹೀಗೆ ಹೇಳುವವನನ್ನು ಅಂಗಡಿಯಲ್ಲಿ ಇಟ್ಟುಕೊಳ್ಳುವುದುಂಟೆ? ತಾತ ಕೈ ಮುಗಿದು, "ಅಪ್ಪಾ, ನೀನು ಎಲ್ಲಾದ್ರೂ ಸರ್ಕಾರಿ ಕೆಲಸ ನೋಡ್ಕ" ಎಂದು ಕಳಿಸಿಬಿಟ್ಟರು. ಸರ್ಕಾರಕ್ಕೆ ಯಾರೂ ಎಚ್ಚರಿಕೆ ಕೊಡಲಿಲ್ಲ.

ಅದೇ ಕಾಲಕ್ಕೆ ಹೊಸದುರ್ಗದಲ್ಲಿ ಇಲಿ ಸತ್ತು ಬೀಳಲು ಶುರುವಾಯಿತು. ಜನ ಮನೆಗಳಿಗೆ ಬೀಗ ಹಾಕಿ ಊರ ಹೊರಗೆ ಗುಡಿಸಲು ಹಾಕಿಕೊಂಡರು. ರೋಗ ತಗುಲಿದವರಿಗೆಂದು ಸರ್ಕಾರದವರು ಇನ್ನೂ ದೂರದಲ್ಲಿ, ಕತ್ತಾಳೆ ಬೇಲಿಯ ನಡುವೆ, ಬಿದಿರು ತಟ್ಟಿಯ ಶೆಡ್ಡುಗಳನ್ನು ಎಬ್ಬಿಸಿದರು. ಅದರ ಮೇಲ್ವಿಚಾರಣೆಗೆ ಒಬ್ಬನೂ ಮುಂದೆ ಬರಲಿಲ್ಲ. ಹೇಳಿಸಿಕೊಳ್ಳದೆ ಹೋದವನು ನಮ್ಮ ಮಾವ ಒಬ್ಬನೇ. ನಮ್ಮಜ್ಜಿ ಅತ್ತು ಕರೆದರೂ ಅವನ ಉತ್ತರ ಇಷ್ಟೆ: "ಯಾರಾದ್ರೂ ನೋಡ್ಕಬೇಕಲ್ಲವ್ವಾ."

ನೋಡಿಕೊಳ್ಳುವುದೆಂದರೆ ಹೇಗೆ! ಶೆಡ್ಡಿಗೆ ಬಂದ ಯಾವ ಔಷಧಿಯನ್ನೂ ಮೊದಲು ತಾನು ಕುಡಿಯದೆ ರೋಗಿಗೆ ಕೊಡುತ್ತಿರಲಿಲ್ಲ. "ನಾನು ಕುಡೀದಿದ್ದನ್ನ ಇನ್ನೊಬ್ರ ಬಾಯಿಗೆ ಹೆಂಗೆ ಹಾಕ್ಲಿ?" ಎಂಬುದು ಅವನ ವಾದ. ಒಂದು ಬೆಳಗ್ಗೆ ಒಂದಷ್ಟು ರೋಗಿಗಳಿಗೆ ಹರಳೆಣ್ಣೆ ಕೊಡಬೇಕಾಗಿ ಬಂತು. ಒಬ್ಬೊಬ್ಬರ ಪಾಲಿನದನ್ನೂ ಬೇರೆ ಬೇರೆಯಾಗಿಯೇ ರುಚಿ ನೋಡಿದ. ಅವತ್ತಿಡೀ ದಿನ ಶೆಡ್ಡಿನ ಮೇಲ್ವಿಚಾರಣೆ ಕತ್ತಾಳೆ ಬೇಲಿಯ ಹಿಂದಿನಿಂದಲೇ ನಡೆಯಿತು! ಡಾಕ್ಟರು ರೇಗಿದರು.

"ಔಷಧಿಯನ್ನೆಲ್ಲ ನೀನು ಕುಡಿಯಬೇಕಾಗಿಲ್ಲ ಕಣಯ್ಯಾ!"

"ಹಂಗಾದ್ರೆ ನೀವು ಕುಡೀರಿ ಸ್ವಾಮಿ. ಯಾರಾದ್ರೂ ಒಬ್ರು ಕುಡುದ್ರೆ ಆತು."

ಇದನ್ನೆಲ್ಲ ನಾನು ಕೇಳಿ ಹೇಳುತ್ತಿಲ್ಲ. ಕಣ್ಣಾರೆ ಕಂಡೆ, ಕಾಣುವಂತೆ ಅವನೇ ಮಾಡಿದ. ಆಗ ನಾನು ಶ್ರೀರಾಂಪುರದ ಸ್ಕೂಲಿನಲ್ಲಿ ಮೇಷ್ಟ್ರು. ಅವ್ವ ಕೊಟ್ಟ ರೊಟ್ಟಿ, ಕಡ್ಲೆಚಟ್ನಿಪುಡಿಯ ಗಂಟು ಹೊತ್ತು ಮಾವನನ್ನು ನೋಡಲು ಹೋದೆ. ದಾರಿಯಲ್ಲೇ ಚಳಿಜ್ವರ ಹಿಡಿಯಿತು. ಮಾವ ಒಂದು ಲೋಟ ಮೆಣಸಿನ ಕಷಾಯ ಕೊಟ್ಟು ಬೆನ್ನು ಸವರುತ್ತಾನೆಂದು ಅಂದುಕೊಂಡಿದ್ದೆ. ಅವನು ನನ್ನ ಹಣೆ ಮುಟ್ಟಿ ನೋಡಿದವನೇ ರಟ್ಟೆ ಹಿಡಿದು ಶೆಡ್ಡಿನೊಳಕ್ಕೆ ತಳ್ಳಿದ.

"ಮಾವಾ, ನಾನು ನಿಮ್ಮಕ್ಕನ ಮಗ ಕಣೋ!"

"ಅದು ಹೊರಗೆ. ಬೇಲಿ ಒಳಗೆ ಬಂದ್ಮ್ಯಾಲೆ ನೀನು ಜ್ವರ."

ಡಾಕ್ಟರು ಬಂದು, ಇದು ಬರೀ ಚಳಿಜ್ವರ, ಪ್ಲೇಗಲ್ಲ ಎಂದರು. ಬಿಟ್ಟನೆ? ಒಳಗೆ ಬಂದವರು ಗಡುವು ಮುಗಿಯುವ ತನಕ ಹೊರಗೆ ಹೋಗಬಾರದೆಂದು ಸರ್ಕಾರದ ಕಾನೂನಂತೆ! ಒಳಗೆ ತಳ್ಳಿದವನೂ ಅವನೇ, ಕಾನೂನು ಹೇಳುವವನೂ ಅವನೇ. ಅವ್ವ ಕೊಟ್ಟ ರೊಟ್ಟಿಯನ್ನು ಅವನು ತಿಂದ. ನಾನು ಗಂಜಿ ಕುಡಿದೆ.

ಹಾಗಿರುವಾಗ ಅಮಲ್ದಾರರ ತಾಯಿಗೆ ಜ್ವರ ಬಂತು. ಕಂಕುಳಲ್ಲಿ ಗಡ್ಡೆ ಎದ್ದಿತು.

ಅಮಲ್ದಾರರು ಮೈಸೂರು ಕಡೆಯ ಬ್ರಾಹ್ಮಣರು, ಶಿಸ್ತಿನ ಮನುಷ್ಯ. ರೋಗಿಯನ್ನು ಮನೆಯಲ್ಲಿ ಬಚ್ಚಿಟ್ಟವರಿಗೆ ಶಿಕ್ಷೆ ಎಂದು ತಾಲ್ಲೂಕಿನಲ್ಲೆಲ್ಲ ತಮಟೆ ಹೊಡೆಸಿದವರೇ ಅವರು. ಈಗ ಅವರೇ ಜವಾನನ ಕೈಯಲ್ಲಿ ಗುಟ್ಟಾಗಿ ಹೇಳಿ ಕಳಿಸಿದರು: ಔಷಧಿ ಮನೆಗೇ ಬರಲಿ. ಮಾವ ಔಷಧಿ ಕಳಿಸಲಿಲ್ಲ. ಡೋಲಿ ಹೊರಿಸಿಕೊಂಡು ತಾನೇ ಅವರ ಬಿಡಾರದ ಬಾಗಿಲಿಗೆ ಹೋಗಿ ನಿಂತ.

"ತಮಟೆ ಹೊಡೆಸ್ದೋರು ತಾವೇ ಅಲ್ವರಾ ಸ್ವಾಮಿ? ಈ ಬಿಡಾರಕ್ಕೆ ಕೇಳುಸ್ಲಿಲ್ವಾ?"

ಅಮಲ್ದಾರರ ಮುಖ ಕೆಂಪಾಯಿತು. ಆದರೆ ಒಳಗಿನಿಂದ ಮುದುಕಿಯ ದನಿಯೇ ಬಂತು: "ಸುಮ್ಮನಿರೋ. ಮನೇಲಿ ಮೊಮ್ಮಕ್ಕಳಿದ್ದಾವೆ. ನಾನು ಹೋಗ್ತೀನಿ."

ಕೆಂಪು ಸೀರೆಯ, ಬೋಳುತಲೆಯ, ಕಡ್ಡಿಯಂಥ ಮುದುಕಿ. ಮಡಿಯೆಂದರೆ ಅಂಥ ಮಡಿ. ಆಕೆಗೆ ನೀರು ಸೇದಿಕೊಡಲು ಅಮಲ್ದಾರರು ಒಬ್ಬ ಭಟ್ಟನನ್ನು ಗೊತ್ತುಮಾಡಿದ್ದರು. ಭಟ್ಟ ಬಂದ ದಿನವೇ ಪಕ್ಕದ ಶೆಡ್ಡಿನಲ್ಲಿ ಒಬ್ಬ ಸತ್ತ. ಹೆಣ ಹೊರಗೆ ಬರುವ ಮೊದಲೇ ಭಟ್ಟ ಬೇಲಿ ಹಾರಿದ್ದ. ಮಡಿ ಓಡಿಹೋಯಿತು, ಎಕ್ಕಡ ಉಳಿಯಿತು!

ಇನ್ನೊಬ್ಬ ಭಟ್ಟ ಎಲ್ಲಿ ಸಿಗಬೇಕು? ಯಾರೂ ಬರಲೊಲ್ಲರು. ಮುದುಕಿ ಬೇರೆಯವರು ಮುಟ್ಟಿದ ನೀರು ಕುಡಿಯಲೊಲ್ಲರು. ಬಿಸಿಲು ಏರಿತು, ಜ್ವರವೂ ಏರಿತು, ತುಟಿ ಒಡೆಯಿತು. ಆಕೆ ಕಣ್ಣುಮುಚ್ಚಿ ಮಲಗಿದ್ದರು. ಡಾಕ್ಟರು ನೋಡಿದರು, "ಮೂಗು ಹಿಡಿದು ಬಾಯಿಗೆ ಹೊಯ್ಯಿರಿ. ಇಲ್ಲದಿದ್ದರೆ ಉಳಿಯಲ್ಲ" ಎಂದು ಗಾಡಿ ಹತ್ತಿದರು. ಅಮಲ್ದಾರರು ಬೇಲಿಯಾಚೆ, ಬಹಳ ಆಚೆ, ನಿಂತು ಮಾವನನ್ನು ಕರೆದರು. ಅವರ ಕಣ್ಣಲ್ಲೂ ನೀರಿತ್ತು.

"ನೀನೇ ಸೇದಿ ಕೊಡಯ್ಯಾ. ಭಟ್ಟರು ಸೇದಿದ್ದು ಅಂತ ಹೇಳಿಬಿಡು. ಅವಳಿಗೇನು ಗೊತ್ತಾಗುತ್ತೆ?"

"ನನಗೆ ಗೊತ್ತಾಗ್ತೈತಲ್ಲ ಸ್ವಾಮಿ."

"ಅವಳು ಸತ್ತರೆ?"

ಮಾವ ಬೇಲಿ ಬಿಟ್ಟು ಶೆಡ್ಡಿನ ಕಡೆ ತಿರುಗಿದ. ನಾನೂ ತಡೆಯಲಾರದೆ ಕೇಳಿದೆ: "ಮಾವಾ, ಒಂದು ಸುಳ್ಳಿಗೆ ಒಂದು ಜೀವ ಉಳಿಯೋದಾದ್ರೆ ಹೇಳಿದ್ರೇನು?" ಅವನು ನನ್ನನ್ನು ಹೊಡೆಯುವಂತೆ ನೋಡಿದ. "ಲೇ, ಆಯಮ್ಮ ನಮ್ಮನ್ನ ನಂಬಿ ಇಲ್ಲಿ ಮಲಗೈತೆ. ಹೊಟ್ಟೆ ತುಂಬ ಮೋಸ ಕುಡಿಸಿ ಎಬ್ಬಿಸ್ಲಾ? ಮೂಗು ಹಿಡಿಯಾಕೆ ಅದೇನು ಎತ್ತಾ? ಹಂಗಂತ ಸಾಯಾಕೂ ಬಿಡಲ್ಲ." ಇದಿಷ್ಟೂ ಮಾಡದೆ ಮತ್ತೇನು ಮಾಡುತ್ತಾನೆ? ಅದು ಅವನಿಗೂ ಗೊತ್ತಿರಲಿಲ್ಲ. ಬಾವಿಗೂ ಶೆಡ್ಡಿಗೂ ಸುಮ್ಮಸುಮ್ಮನೆ ತಿರುಗಿದ. ದೇವರನ್ನು ಬೈದ. ಓಡಿಹೋದ ಭಟ್ಟನ ಎಕ್ಕಡವನ್ನು ಎತ್ತಿ ಬೇಲಿಯಾಚೆ ಎಸೆದ. ಕೊನೆಗೆ ಹೋಗಿ ಮುದುಕಿಯ ಮಂಚದ ಮುಂದೆ ಕುಳಿತ.

"ಅಮ್ಮಾರೆ, ಭಟ್ರು ಓಡೋದ್ರು. ಬೇರೆ ಯಾರೂ ಬರಲ್ಲ. ಇರೋನು ನಾನೊಬ್ಬನೇ."

ಮುದುಕಿ ಕಣ್ಣು ತೆರೆದರು. "ನೀನು ಯಾವ ಜನ?"

"ಲಿಂಗವಂತರು. ನಾವೂ ನಿಮ್ಮ ಕೈ ನೀರು ಕುಡಿಯಲ್ಲ, ಬೇಜಾರು ಮಾಡ್ಕಬ್ಯಾಡ್ರಿ."

ಮುದುಕಿಗೆ ಅಷ್ಟು ಜ್ವರದಲ್ಲೂ ಸಿಟ್ಟು ಬಂತು. "ನಾನೆಲ್ಲಿ ನಿನಗೆ ಕೊಡ್ತೀನಿ ಅಂದೆ?"

"ಕುಡೀರಿ ಅಂತ ನಾನೂ ಬಲವಂತ ಮಾಡಲ್ಲ. ಆದ್ರೆ ನೀವು ಹಿಂಗೇ ಹೋದ್ರೆ ನನಗೆ ಜೀವಮಾನ ನಿದ್ದೆ ಬರಲ್ಲ. ಏನು ಮಾಡಾಣ, ನೀವೇ ಹೇಳ್ರಿ."

ಮುದುಕಿ ಮೊಣಕೈ ಊರಿ ಏಳಲು ನೋಡಿದರು. ಆಮೇಲೆ, "ಬಾವಿ ಹತ್ರ ಕರಕೊಂಡು ಹೋಗು. ನಾನೇ ಸೇದಿಕೋತೀನಿ" ಎಂದರು.

ಮಂಚದ ಸಮೇತ ಎತ್ತಿಕೊಂಡು ಹೋದೆವು. ಎಷ್ಟು ಹಗುರ! ಆಕೆಯದೇ ಹಿತ್ತಾಳೆ ಬಿಂದಿಗೆಗೆ ಆಕೆಯೇ ನಡುಗುತ್ತ ಕುಣಿಕೆ ಹಾಕಿದರು. ಬಿಂದಿಗೆ ಇಳಿಯಿತು, ಮುಳುಗಿತು. ಆಕೆ ಎಳೆದರು. ಮೇಲೆ ಬರಲಿಲ್ಲ. ಮತ್ತೆ ಎಳೆದರು. ಕೈ ಜಾರಿತು. ಮಾವ ಹಿಂದೆ ನಿಂತು ಹಗ್ಗದ ತುದಿ ಹಿಡಿದುಕೊಂಡು ಕಾಯುತ್ತಿದ್ದ, ಎಳೆಯಲಿಲ್ಲ. ಮುದುಕಿ ತಿರುಗಿ ನೋಡದೆ ಹೇಳಿದರು:

"ಎಳಿಯೋ."

ಬಿಂದಿಗೆ ಮೇಲೆ ಬಂತು. ಮುದುಕಿಯ ಎರಡು ಕೈಯೂ ಹಗ್ಗದ ಮೇಲೇ ಇದ್ದವು.

"ನಾನೇ ಸೇದಿದ್ದು ಅಲ್ವೇನೋ?"

ಈಗಲಾದರೂ ಹೂಂ ಎನ್ನಬಾರದೆ? ಕೊಬ್ಬರಿ ಮೂಟೆಯ ತಳ ತೋರಿಸುವ ಮನುಷ್ಯ ಎನ್ನುತ್ತಾನೆಯೇ!

"ಇಲ್ಲ ಅಮ್ಮಾರೆ. ನೀವು ಹಿಡಕಂಡಿದ್ರಿ. ಎಳೆದೋನು ನಾನು."

ನನಗೆ ಬಾವಿಗೆ ಹಾರಿಕೊಳ್ಳೋಣ ಎನ್ನಿಸಿತು. ಮುದುಕಿ ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. "ಎಂಥ ಪಾಪಿ ಊರಪ್ಪಾ ಇದು! ಕೇಳಿದರೆ ಒಂದು ಸುಳ್ಳು ಕೂಡ ಹುಟ್ಟೋದಿಲ್ಲ!" ಎಂದು ಬೈದು, ಬಿಂದಿಗೆಗೆ ಬಾಯಿ ಹಚ್ಚಿ ಕುಡಿದರು. ಕುಡಿದರು, ಕುಡಿದರು. ಮಾವ ಆಕಡೆ ತಿರುಗಿ ನಿಂತ.

ಮುದುಕಿ ಬದುಕಿದರು. ಗಡ್ಡೆ ಒಡೆಯಿತು. ಮಾವ ದಿನವೂ ಬಿಸಿನೀರು ಕಾಯಿಸಿಟ್ಟು, ಬೆನ್ನು ತಿರುಗಿಸಿ ನಿಂತು, ಗಾಯ ಹೇಗೆ ತೊಳೆಯಬೇಕೆಂದು ತಟ್ಟಿಗೋಡೆಗೆ ಹೇಳುತ್ತಿದ್ದ. ಆಕೆ ತೊಳೆದುಕೊಳ್ಳುತ್ತ ಅವನನ್ನು ಬೈಯುತ್ತಿದ್ದರು. ನನ್ನ ಗಡುವು ಮುಗಿದರೂ ನಾನು ಊರಿಗೆ ಹೋಗಲಿಲ್ಲ. ಆ ಜಗಳ ಬಿಟ್ಟು ಹೋಗುವುದುಂಟೆ?

ಪ್ಲೇಗು ಇಳಿಯಿತು. ಜನ ಊರೊಳಕ್ಕೆ ಬಂದರು. ಜನದ ಜೊತೆಗೆ ನಾಲಿಗೆಯೂ ಬಂತು. ಅಮಲ್ದಾರರ ತಾಯಿಗೆ ಶೆಡ್ಡಿನಲ್ಲಿ ನೀರು ಕೊಟ್ಟವರು ಯಾರು? ನೆಂಟರು ಕೇಳಿದರು, ಪುರೋಹಿತರು ಕೇಳಿದರು. ಅಮಲ್ದಾರರು ಮಾವನನ್ನು ಮನೆಗೆ ಕರೆಸಿದರು. ನಾನೂ ಹಿಂದೆ ಹೋದೆ. ಜಗಲಿಯ ತುಂಬ ಶಾಲು ಹೊದ್ದವರು ಕುಳಿತಿದ್ದರು.

"ನಮ್ಮಮ್ಮ ತಾವೇ ಸೇದಿಕೊಂಡರು ಅಲ್ಲವೇ? ಹೌದು ಅನ್ನು, ಹೋಗು."

"ಅನ್ನಲ್ಲ ಸ್ವಾಮಿ."

"ಹಾಗಾದರೆ ನೀನು ಸೇದಿ ಕೊಟ್ಟೆಯಾ?"

"ಅದನ್ನೂ ಹೇಳಲ್ಲ. ಶೆಡ್ಡಿನಾಗೆ ಯಾರು ಏನು ಕುಡುದ್ರು, ಯಾರು ಹೆಂಗೆ ನರಳಿದ್ರು ಅಂಬೋದು ಅವರ ಸ್ವತ್ತು. ಜಗಲಿ ಮ್ಯಾಲೆ ಹರಡಾಕೆ ನನ್ನದಲ್ಲ."

"ನಾನು ಅಮಲ್ದಾರ, ಕೇಳ್ತಾ ಇದ್ದೀನಿ!"

"ದಿವಾನ್ರು ಬಂದು ಕೇಳಿದ್ರೂ ಇಷ್ಟೇ."

ಶಾಲುಗಳ ಮುಂದೆ ಅವಮಾನವಾಯಿತು. ನಿನ್ನ ಕೆಲಸ ಇವತ್ತಿಗೆ ಮುಗಿಯಿತು, ಹೋಗು ಎಂದು ಅಮಲ್ದಾರರು ಗುಡುಗಿದರು. ಅಷ್ಟರಲ್ಲಿ ಒಳಬಾಗಿಲಿನಲ್ಲಿ ಕೆಂಪು ಸೀರೆ ಕಾಣಿಸಿತು.

"ನನ್ನ ಗಂಟಲಿನ ವಿಷಯ ಅವನನ್ನ ಯಾಕೆ ಕೇಳ್ತೀರಿ? ಹಗ್ಗ ಎಳೆದೋನು ಅವನು. ಎಳಿ ಅಂದೋಳು ನಾನು. ಕುಡಿದೋಳೂ ನಾನೇ. ಪ್ರಾಯಶ್ಚಿತ್ತ ಮಾಡಿಸೋರು ಯಾರಪ್ಪಾ, ಮುಂದೆ ಬನ್ನಿ. ಒಂದು ದಿನ ಆ ಶೆಡ್ಡಿನಲ್ಲಿ ಮಲಗೆದ್ದು ಬನ್ನಿ, ಆಮೇಲೆ ಮಾಡಿಸಿಕೋತೀನಿ!"

ಶಾಲುಗಳು ಒಂದೊಂದಾಗಿ ಜಗಲಿ ಇಳಿದವು. ಅಮಲ್ದಾರರು ನೆಲ ನೋಡುತ್ತ ಕುಳಿತರು. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವಷ್ಟು ದೊಡ್ಡವರು ಅವರಾಗಿರಲಿಲ್ಲ. ಬೇಡಿಕೊಳ್ಳುವಷ್ಟು ಸಣ್ಣವನು ನಮ್ಮ ಮಾವನೂ ಆಗಿರಲಿಲ್ಲ.

ಇಬ್ಬರೂ ಶ್ರೀರಾಂಪುರದ ದಾರಿ ಹಿಡಿದೆವು. ಊರು ದಾಟುವ ತನಕ ಮಾವ ಅಮಲ್ದಾರರನ್ನು ಬೈದ. ಊರು ದಾಟಿದ ಮೇಲೆ ಡಾಕ್ಟರನ್ನು ಬೈದ. ಬೈಯಲು ಅಧಿಕಾರಿಗಳು ಮುಗಿದು ನನ್ನನ್ನು ಬೈದ. ಸ್ವಲ್ಪ ದೂರ ಹೋಗಿ ಗಕ್ಕನೆ ನಿಂತ.

"ಲೇ, ಆಯಮ್ಮ ಬಾಗಿಲಾಗೆ ನಿಂತಾಗ ಎಡಗೈನ ಮೈಗೆ ಅಂಟಿಸ್ಕಂಡಿತ್ತು. ನೋಡ್ದೇನೋ?"

"ಇಲ್ಲ ಮಾವಾ."

"ಕಂಕುಳ ಗಾಯ ಇನ್ನೂ ಮಾಗಿಲ್ಲ. ಮನೇಲಿ ಹೇಳ್ಕಂಡಿರಲ್ಲ. ಯಾರೂ ಕೇಳಿರಲ್ಲ."

"ಮಾವಾ, ನಿನ್ನ ಕೆಲಸ ಹೋಗೈತೆ!"

"ಕೆಲಸ ಹೋಗೈತೆ ಕಣೋ. ಗಾಯ ಹೋಗಿಲ್ಲ."

ಕೈಯಲ್ಲಿದ್ದ ಬಟ್ಟೆಗಂಟನ್ನು ನನ್ನ ಹೆಗಲಿಗೆ ಹಾಕಿ, ಪಂಚೆ ಎತ್ತಿ ಕಟ್ಟಿಕೊಂಡು, ಮಾವ ಬಂದ ದಾರಿಯಲ್ಲೇ ಹೊಸದುರ್ಗದ ಕಡೆಗೆ ಬಿರಬಿರನೆ ನಡೆಯತೊಡಗಿದ.