ನಲ್ಲಿ ನೀರು ಮತ್ತು ಆಮೆ ಕಾರ್ಡು

ನಮ್ಮ ಓಣಿಗೆ ನಲ್ಲಿ ನೀರು ನಾಲ್ಕು ದಿನಕ್ಕೊಮ್ಮೆ ಬರುತ್ತದೆ. ಯಾವ ಹೊತ್ತಿಗೆ ಎಂಬುದು ನೀರಿಗೇ ಗೊತ್ತು. ಹಾಗಾಗಿ ನೀರಿನ ದಿನ ಬೆಳಿಗ್ಗೆ ಎದ್ದವಳೇ ನಲ್ಲಿ ತಿರುಗಿಸಿಟ್ಟು, ಅದರ ಕೆಳಗೆ ಖಾಲಿ ಸ್ಟೀಲ್ ಕೊಡ ಇಡುತ್ತೇನೆ. ಪ್ಲಾಸ್ಟಿಕ್ ಕೊಡ ಸದ್ದು ಮಾಡುವುದಿಲ್ಲ. ಸ್ಟೀಲಿನದು ಟಣ್ ಎಂದೊಡನೆ ಬಾಗಿಲಿಗೆ ಹೋಗಿ, "ನೀರ ಬಂದಾವ್ರಿ" ಎಂದು ಕೂಗುತ್ತೇನೆ. ಅಕ್ಕಪಕ್ಕದವರೆಲ್ಲ ಮನೆಯಲ್ಲೇ ಜೀನ್ಸ್ ಹೊಲಿಯುವವರು. ಯಂತ್ರದ ಸದ್ದಿನಲ್ಲಿ ಅವರಿಗೆ ನಲ್ಲಿಯ ಸದ್ದು ಎಲ್ಲಿ ಕೇಳಬೇಕು? ಕಾನ್ವೆಂಟಿನಲ್ಲಿ ಸಿಸ್ಟರ್ ಹತ್ತು ವರ್ಷ ಕಲಿಸಿದ ಮೆಲುದನಿಯನ್ನು ರಾಯದುರ್ಗದ ನಲ್ಲಿ ಒಂದೇ ಬೇಸಿಗೆಯಲ್ಲಿ ಬಿಡಿಸಿತು.

ಆ ಶನಿವಾರವೂ ಕೊಡ ಇಟ್ಟು, ಚಿತ್ರಾನ್ನ ಕಲಸಿ ಕೂತೆ. ಏಳನೆಯ ಕ್ಲಾಸಿನ ಮಗಳು ಚಿನ್ಮಯಿ ಪ್ರಾಣಿಗಳನ್ನು ಕಾದಾಡಿಸುವ ಆಟದ ಕಾರ್ಡಿನ ಡಬ್ಬಿ ತಂದು ಮುಂದಿಟ್ಟಳು. ಹೋದ ರಜೆಯಲ್ಲಿ ಮಡಕಶಿರಾಕ್ಕೆ ಹೋದಾಗ ಅವಳ ಸೋದರತ್ತೆಯ ಮಗಳು ಸಿಂಧು ಈ ಆಟದಲ್ಲಿ ಇವಳನ್ನು ಸೋಲಿಸಿ, ಪಂದ್ಯದ ಪ್ರಕಾರ ಬೆಳ್ಳಿ ಗೂಬೆಯ ಕಾರ್ಡನ್ನು ಇಟ್ಟುಕೊಂಡಿದ್ದಳು. ಭಾನುವಾರ ಮತ್ತೆ ಹೋಗುವುದಿತ್ತು. ಗೆದ್ದರೆ ಗೂಬೆ ವಾಪಸ್ಸು. ಅಭ್ಯಾಸಕ್ಕೆ ನಾನೇ ಎದುರಾಳಿ.

ನಿಯಮದ ಪುಸ್ತಕ ಇಂಗ್ಲಿಷಿನಲ್ಲಿತ್ತು. ಅದೆಷ್ಟರ ಮಾತು ಎಂದು ಕನ್ನಡಕ ಹಾಕಿಕೊಂಡೆ. ಎರಡು ಪುಟಕ್ಕೇ ಕನ್ನಡಕ ಒರೆಸತೊಡಗಿದೆ. ಕೊನೆಗೆ ಮಗಳೇ ಹೇಳಿದಳು: ಕಾರ್ಡುಗಳ ಶಕ್ತಿ ಮೂರು ಥರ. ಒಂದು, ಕಾರ್ಡು ಮೇಜಿನ ಮೇಲಿದ್ದರೆ ಸಾಕು, ತಾನಾಗಿ ನಡೆಯುತ್ತಲೇ ಇರುವುದು. ಇದು ನನಗೆ ತಕ್ಷಣ ತಿಳಿಯಿತು. ನಮ್ಮತ್ತೆ ಪಡಸಾಲೆಯ ಕುರ್ಚಿಯಲ್ಲಿ ಕೂತಿದ್ದರೆ ಸಾಕು, ಮನೆಯಲ್ಲಿ ಯಾರೂ ಟಿವಿ ಹಾಕುವುದಿಲ್ಲ. ಅವರು ಮಗಳ ಮನೆಗೆ ಮಡಕಶಿರಾಕ್ಕೆ ಹೋದ ಕ್ಷಣ ಆ ಶಕ್ತಿಯೂ ಹೋಗುತ್ತದೆ. ಎರಡನೆಯದು, ನಮಗೆ ಬೇಕಾದಾಗ ಏನಾದರೂ ತೆತ್ತು ಬಳಸುವುದು. ಬಳಸಿದ ಕಾರ್ಡನ್ನು ಅಡ್ಡ ಮಲಗಿಸಬೇಕು, ಮುಂದಿನ ಸರದಿಯವರೆಗೆ ಏಳಿಸುವಂತಿಲ್ಲ. ಒಂದು ಲೋಟ ಚಹಾ ತೆತ್ತರೆ ಮಾರ್ಕೆಟ್ಟಿಗೆ ಹೋಗಿಬಂದು ಅಡ್ಡಾಗುವ ನಮ್ಮ ಮನೆಯವರು ನೆನಪಾದರು. ಮೂರನೆಯದು, 'ಹೀಗಾದಾಗ ಹೀಗೆ ಮಾಡು' ಎನ್ನುವುದು. ಅವಳ ಆಮೆ ಕಾರ್ಡಿನಲ್ಲಿ ಹಾಗೆ ಬರೆದಿತ್ತು: ಸರದಿ ಶುರುವಾದಾಗಲೆಲ್ಲ ಇನ್ನೊಂದು ಕಾರ್ಡು ತೆಗೆದುಕೋ. ಅದನ್ನು ಮರೆತೇ ಸಿಂಧುವಿಗೆ ಸೋತದ್ದು.

ಆಟ ಶುರುವಾಯಿತು. ಎರಡನೆಯ ಸರದಿಗೇ ಮರೆತಳು.

"ನಿನ್ನ ಆಮೆ ಬಿಟ್ಟಿ ನೋಡು" ಎಂದೆ.

"ಅಮ್ಮ, ನೀ ನೆನಪು ಮಾಡಬ್ಯಾಡ. ನಾಳೆ ಸಿಂಧು ನೆನಪು ಮಾಡ್ತಾಳೇನು? ಮರತ್ರ ಹೋತು, ಅಷ್ಟ."

ಟಿಫಿನ್ ಡಬ್ಬಿ, ಬಿ.ಪಿ. ಮಾತ್ರೆ, ಗ್ಯಾಸ್ ಬುಕಿಂಗು ಎಂದು ಎಲ್ಲರಿಗೂ ನೆನಪು ಮಾಡುವುದೇ ನನ್ನ ಸಂಸಾರ. ಬಾಯಿ ಮುಚ್ಚಿ ಕೂರುವುದು ಆ ಪುಸ್ತಕಕ್ಕಿಂತ ಕಷ್ಟವಾಯಿತು. ತುಟಿ ಕಚ್ಚಿಕೊಂಡು ಮಧ್ಯಾಹ್ನವೆಲ್ಲ ಆಡಿದೆ. ನಡುವೆ ಎಲ್ಲೋ ಟಣ್ ಎಂದ ಹಾಗಾಯಿತು. ಆ ಹೊತ್ತಿಗೆ ನನ್ನ ಮೊಸಳೆ ಸಾಯುವುದರಲ್ಲಿತ್ತು. ಕೊನೆಯ ಆಟದಲ್ಲಿ ಚಿನ್ಮಯಿ ಒಮ್ಮೆಯೂ ಆಮೆಯನ್ನು ಮರೆಯದೆ ನನ್ನನ್ನು ನೆಲ ಕಚ್ಚಿಸಿದಳು. ಗೂಬೆ ಅರ್ಧ ದಾರಿ ಬಂದಂತೆಯೇ ಎಂದು ಚಹಾಕ್ಕೆ ಎದ್ದರೆ, ಕೊಡ ತುಂಬಿ ಹರಿದು ನಲ್ಲಿ ಆಗಲೇ ನಿಂತುಹೋಗಿತ್ತು. ಇನ್ನು ನಾಲ್ಕು ದಿನಕ್ಕೆ ಮನೆಗೆ ಒಂದೇ ಕೊಡ.

ಸಂಜೆ ಪಕ್ಕದ ಮನೆಯ ಶಾರದಕ್ಕ ಮೆಟ್ಟಿಲ ಮೇಲೆ ಕೂತು ಪ್ಯಾಂಟುಗಳ ದಾರ ಕತ್ತರಿಸುತ್ತಿದ್ದರು. ಅವರ ಡ್ರಮ್ಮೂ ಖಾಲಿ, ಎದುರುಮನೆಯದೂ ಖಾಲಿ. ತಪ್ಪು ಒಪ್ಪಿಕೊಳ್ಳಲು ಹೋದೆ.

"ಇವತ್ತು ನಾನು ಕೂಗಲೇ ಇಲ್ಲ ನೋಡ್ರಿ. ಮರೆತೇಬಿಟ್ಟೆ."

ಶಾರದಕ್ಕ ಕತ್ತರಿಯಿಂದ ತಲೆ ಎತ್ತಲಿಲ್ಲ.

"ಬಿಡ್ರಿ ಅಕ್ಕ. ಕರೆಂಟ್ ಹೋಗಿ ಮಷಿನ್ ನಿಂತಿದ್ವು, ನಿಮ್ಮ ನಲ್ಲಿ ಸದ್ದು ನಮಗೂ ಕೇಳಿಸ್ತು. ನೀವು ಕೂಗಲಿಲ್ಲಲ್ಲ, ನೀರ ಇರಲಿಕ್ಕಿಲ್ಲ ಅಂತ ಸುಮ್ನ ಕುಂತ್ವಿ."