ಹಿಂದಿನ ಚಕ್ರಕ್ಕೆ ನಿಂಬೆಹಣ್ಣು ಇಲ್ಲ

ನಮ್ಮ ಚಿಕ್ಕಪ್ಪ ಯಾರನ್ನೂ ಸಂಬಳದಿಂದ ಅಳೆಯುವವರಲ್ಲ. ನಿಮ್ಮ ಕಾರಿನ ಎಷ್ಟು ಚಕ್ರಕ್ಕೆ ಎಂಜಿನ್ನಿನ ಶಕ್ತಿ ಹೋಗುತ್ತದೆ ಎಂದಷ್ಟೇ ಕೇಳುತ್ತಾರೆ. ನಾಲ್ಕಕ್ಕೂ ಎಂದರೆ ಕಾಫಿ, ಎರಡಕ್ಕೆ ಎಂದರೆ ಬರೀ ಉಪದೇಶ! ಉಡುಪಿ ಕಡೆಯಿಂದ ಬಂದು, ತಮಿಳು ಸೀಮೆಯ, ದೋಸೆಕಲ್ಲಿನಂತೆ ಸಪಾಟಾದ ಕ್ರೋಂಪೇಟೆಯಲ್ಲಿ ಹೋಟೆಲು ನಡೆಸುವವರಿಗೆ ಬೆಟ್ಟ ಹತ್ತುವ ಗಾಡಿಯ ಹುಚ್ಚು ಯಾಕೆ?

ಹೋದ ಮಳೆಗಾಲದಲ್ಲಿ ಚಿಕ್ಕಮ್ಮನಿಗೆ ಪಾರ್ಶ್ವವಾಯು ಹೊಡೆದು ಬಲಗಾಲು ಸೋತಿತು. ವ್ಯಾಯಾಮಕ್ಕೆ ತಪ್ಪದೆ ಆಸ್ಪತ್ರೆಗೆ ಕರೆತಂದರೆ ಮಾತ್ರ ನಡೆದಾರು ಎಂದರು ಡಾಕ್ಟರು. ಆಟೋದ ಕುಲುಕಾಟ ಅವರಿಗೆ ಆಗದು. ಚಿಕ್ಕಪ್ಪನೋ, ಇದ್ದ ಕಾರನ್ನು ಮಾರಿ ಕುಳಿತಿದ್ದರು. ಅದಕ್ಕೇ ನಾನೊಂದು ಪುಟ್ಟ ಕಾರು ಕೊಂಡು, ಪೂಜೆಯನ್ನು ಅವರ ಮನೆ ಮುಂದೆಯೇ ಇಟ್ಟುಕೊಂಡೆ.

ಪುರೋಹಿತರು ನಾಲ್ಕು ಚಕ್ರದಡಿ ನಾಲ್ಕು ನಿಂಬೆಹಣ್ಣು ಇಟ್ಟರು. ಚಿಕ್ಕಪ್ಪ ಬಗ್ಗಿ ಹಿಂದಿನ ಎರಡನ್ನು ಎತ್ತಿ ಜೇಬಿಗೆ ಹಾಕಿಕೊಂಡರು!

"ಐಯೋ, ಎನ್ನ ಸಾರ್ ಇದು?" ಪುರೋಹಿತರ ಮಂತ್ರ ಅರ್ಧಕ್ಕೇ ನಿಂತಿತು.

"ಹಿಂದಿನದ್ದು ಎಂತ ಕೆಲಸ ಮಾಡ್ತದೆ? ಎಂಜಿನ್ನಿನ ಶಕ್ತಿ ಮುಂದಿನ ಎರಡಕ್ಕೇ, ಇದು ಸುಮ್ಮನೆ ಉರುಳ್ತದೆ. ಅದಕ್ಕೆ ಪೂಜೆ ಬೇರೆ ಕೇಡು."

ಅಮ್ಮ ಎದೆ ಹಿಡಿದುಕೊಂಡು ಜಗಲಿಯ ಮೇಲೆ ಕುಸಿದಳು. ಅಪಶಕುನಕ್ಕೆ ಇನ್ನೇನು ಬೇಕು!

ತಿಂಡಿಗೆ ಕುಳಿತರೆ ನನ್ನ ತಟ್ಟೆಯ ನಾಲ್ಕು ಇಡ್ಲಿಯೇ ಚಿಕ್ಕಪ್ಪನ ಪಾಠಕ್ಕೆ ಚಕ್ರಗಳಾದವು. ಮೊದಲೆಲ್ಲ ಜೀಪು ಕೆಸರಲ್ಲಿ ಹೂತರೆ, ಇಳಿದು ಮುಂದಿನ ಚಕ್ರದ ನಡುವಿನ ಬಿಲ್ಲೆಯನ್ನು ಕೈಯಲ್ಲೇ ತಿರುಗಿಸಬೇಕಿತ್ತಂತೆ. ಆಮೇಲೆ ಕೂತಲ್ಲೇ ಎಳೆಯುವ ಲಿವರು ಬಂತು. ಆಮೇಲೆ ಸದಾ ನಾಲ್ಕೂ ದುಡಿಯುವ ಗಾಡಿ, ಆಮೇಲೆ ಯಾವ ಚಕ್ರ ಜಾರುತ್ತಿದೆ ಎಂದು ತಾನೇ ನೋಡಿಕೊಳ್ಳುವ ಕಂಪ್ಯೂಟರು. ಈಗಿನ ಕೆಲವು ಕರೆಂಟಿನ ಕಾರಿಗೆ ಹಿಂದೊಂದು, ಮುಂದೊಂದು ಮೋಟಾರು, ನಡುವೆ ಶಕ್ತಿ ಒಯ್ಯುವ ಸರಳೇ ಇಲ್ಲ. ಇಷ್ಟು ಕೇಳುವಷ್ಟರಲ್ಲಿ ಇಡ್ಲಿ ಆರಿ ಕಲ್ಲಾಗಿತ್ತು.

ಕೊನೆಗೆ ಆಸ್ಪತ್ರೆಗೆ ಹೊರಡುವಾಗ ಚಿಕ್ಕಪ್ಪ ಕಾರಿನ ಬಾಗಿಲಿಗೆ ಅಡ್ಡ ನಿಂತರು. "ಇದ್ರಲ್ಲಿ ಅವಳನ್ನು ಕೂರಿಸುದಿಲ್ಲ."

ನಾವೆಲ್ಲ ದಂಗಾದೆವು. ಹುಚ್ಚಿಗೂ ಒಂದು ಮಿತಿ ಬೇಡವೇ? ನನಗೆ ನಿಜಕ್ಕೂ ಸಿಟ್ಟು ಬಂತು. "ಚಿಕ್ಕಮ್ಮನ ಕಾಲಿಗಿಂತ ನಿಮಗೆ ಚಕ್ರವೇ ಹೆಚ್ಚಾ?" ಎಂದುಬಿಟ್ಟೆ.

ಅವರು ಬೀದಿ ನೋಡುತ್ತ ಹೇಳಿದರು: "ಅವತ್ತು ಇಲ್ಲೇ ಚರಂಡಿಗೆ ಅಗೆದಿದ್ರು. ಇವಳನ್ನು ಹಿಂದೆ ಮಲಗಿಸಿ ಹೊರಟದ್ದು, ಕಾರು ಕೆಸರಲ್ಲಿ ಹೂತಿತು. ಮುಂದಿನ ಎರಡು ತಿರುಗಿತು, ತಿರುಗಿತು. ಹಿಂದಿನ ಎರಡು ಸುಮ್ಮನೆ ನಿಂತಿತ್ತು ಮಾರಾಯ. ಬೇಗ ಮುಟ್ಟಿದ್ರೆ ಇವಳ ಕಾಲು ಉಳೀತಿತ್ತು."

ಕುರ್ಚಿಯಲ್ಲಿದ್ದ ಚಿಕ್ಕಮ್ಮ ಎಡಗೈ ಚಾಚಿ ಅವರ ಅಂಗಿಯ ತುದಿ ಹಿಡಿದರು. ತೊದಲುತ್ತ ಅಂದರು:

"ನಂಗೆ ಎಚ್ಚರ ಇತ್ತು. ಡ್ರೈವರ್ ಸೀಟಲ್ಲಿ ಪಕ್ಕದ್ಮನೆಯವ್ರು. ಮೊಣಕಾಲುದ್ದ ನೀರಲ್ಲಿ ನಿಂತು ಹಿಂದಿಂದ ದೂಡಿದ್ದು ನೀವು. ಕಾರು ಹೊರಗೆ ಬಂದದ್ದು ಅದ್ರಿಂದ."

ಚಿಕ್ಕಪ್ಪ ಮುಖ ಒರೆಸಿಕೊಂಡು, ಕಾರಿನ ಬಾಗಿಲು ತೆರೆದು, ಅವರನ್ನು ಎತ್ತಿ ಕೂರಿಸಿದರು.