ಮೂರನೇ ಚಕ್ರಕ್ಕೊಂದು ಲೈಸನ್ಸು

ಎಲ್ಲ ಫಜೀತಿಗೂ ಮೂಲ ಆ ಹೆಚ್ಚಿನ ಚಕ್ರ.

ಕನ್ನಡಕದ ಅಂಗಡಿಯವರ ಹೆಂಡತಿಗೆ ಮಂಡಿನೋವು. ಎರಡು ಚಕ್ರದ ಬೈಕಿನ ಹಿಂದೆ ಹತ್ತಿ ಕೂರುವುದು ಆಗುತ್ತಿರಲಿಲ್ಲ. ಅದಕ್ಕೇ ಅವರು ಹಳೆಯ ಬೈಕು ಮಾರಿ, ಮುಂದೆ ಒಂದು, ಹಿಂದೆ ಎರಡು ಚಕ್ರವಿರುವ ಮೋಟರ್‌ಸೈಕಲ್ ತಂದರು. ಹಿಂದಿನ ಸೀಟಿಗೆ ಕುರ್ಚಿಗಿರುವಂಥ ಒರಗು, ಎರಡೂ ಕಡೆ ಹಿಡಿಕೆ. ಮೊದಲ ಸವಾರಿ ಎಲ್ಲಿಗೆ ಎಂಬುದೂ ನಿಶ್ಚಯವಾಗಿತ್ತು: ಊರಿನ ಆ ತುದಿಯಲ್ಲಿದ್ದ ಹೆಂಡತಿಯ ಅಕ್ಕನ ಮನೆಗೆ. ಅಕ್ಕನ ಗಂಡನಿಗೆ ವರ್ಗವಾಗಿತ್ತು. ಅವತ್ತು ಸಂಜೆ ಐದೂವರೆಯ ರೈಲಿಗೆ ಅವರು ಹೊರಡುವವರು. ಎರಡು ದಿನದ ದಾರಿ. ಮತ್ತೆ ಅಕ್ಕ ತಂಗಿ ಮುಖ ನೋಡುವುದು ಯಾವ ಕಾಲಕ್ಕೋ.

ಬೆಳಿಗ್ಗೆ ಹತ್ತಕ್ಕೆ ಹೆಂಡತಿ ಸೀಟಿನಲ್ಲಿ ಕೂತಾಗಿತ್ತು. ಇನ್ನೇನು ಕೀಲಿ ತಿರುಗಿಸಬೇಕು, ಎದುರುಮನೆಯ ಕಾಯಿದೆ ಮಾವ ಗೇಟಿಗೆ ಅಡ್ಡ ನಿಂತರು. ಕಚೇರಿಯಿಂದ ನಿವೃತ್ತರಾಗಿ ಹತ್ತು ವರ್ಷವಾದರೂ ಬೀದಿಯಲ್ಲಿ ಅವರ ಡ್ಯೂಟಿ ಮುಗಿದಿರಲಿಲ್ಲ.

“ಲೈಸನ್ಸ್ ಇದೆಯೇನಪ್ಪಾ?”

“ಇಪ್ಪತ್ತೆರಡು ವರ್ಷದಿಂದ ಇದೆ ಮಾವ.”

“ಅದು ಎರಡು ಚಕ್ರದ್ದು. ಇದಕ್ಕೆ ಮೂರಿದೆ. ಸಿಕ್ಕಿಬಿದ್ರೆ ಗಾಡಿ ಹೋಯ್ತು ಅಂತ್ಲೇ ತಿಳ್ಕೋ.”

“ಎರಡು ಚಕ್ರದ ಮೇಲೆ ಬೀಳದೇ ಇದ್ದೋನು ಮೂರರ ಮೇಲೆ ಬೀಳ್ತೀನಾ?”

“ಬೀಳ್ತೀಯೋ ಬಿಡ್ತೀಯೋ, ಕಾಯಿದೆಗೆ ಅದು ಬೇಕಿಲ್ಲ.”

ಹೆಂಡತಿ ಮೆಲ್ಲಗೆ ಅಂದಳು: “ರೀ, ಟ್ಯಾಕ್ಸಿ ಮಾಡ್ಕೊಂಡು ಹೋಗೋಣ. ಅಕ್ಕ ಊಟಕ್ಕೆ ಕಾಯ್ತಿರ್ತಾಳೆ.”

ಆ ಮಾತು ಕೇಳಬೇಕಿತ್ತು, ಮಾರಾಯರು ಕೇಳಲಿಲ್ಲ. “ಮನೇಲಿ ಹೊಸ ಗಾಡಿ ಇಟ್ಕೊಂಡು ಟ್ಯಾಕ್ಸಿನಾ? ಲೈಸನ್ಸ್ ಆಫೀಸು ದಾರೀಲೇ ಇದೆ. ಅರ್ಧ ಗಂಟೆ ಕೆಲಸ” ಎಂದರು. ಆಫೀಸಿನ ಕೆಲಸಕ್ಕೆ ಅರ್ಧ ಗಂಟೆ ಸಾಕು ಎಂದುಕೊಂಡ ಮನುಷ್ಯನಿಗೆ ಯಾರು ಏನು ಹೇಳುವುದು.

“ಓಡಿಸ್ಕೊಂಡು ಹೋಗೋ ಹಾಗಿಲ್ಲ” ಎಂದರು ಮಾವ. “ತಳ್ಕೊಂಡು ಹೋಗು, ತಳ್ಳೋಕೆ ಲೈಸನ್ಸ್ ಬೇಡ. ಮೊಬೈಲ್ ಅಲ್ಲಿ ಒಳಗೆ ಬಿಡಲ್ಲ, ಎರಡನ್ನೂ ಮನೇಲೇ ಇಟ್ಟು ಹೋಗಿ.”

ಹಾಗೆ ಹೊರಟಿತು ಮೊದಲ ಸವಾರಿ. ಹೆಂಡತಿ ರಾಣಿಯಂತೆ ಸೀಟಿನಲ್ಲಿ, ಗಂಡ ಹ್ಯಾಂಡಲ್ ಹಿಡಿದು ಏದುಸಿರು ಬಿಡುತ್ತ ಪಕ್ಕದಲ್ಲಿ. ಬ್ರೆಡ್ ಅಂಗಡಿಯವನು “ಪೆಟ್ರೋಲ್ ಖಾಲಿನಾ ಸಾರ್?” ಎಂದ. ಕ್ಷೌರದಂಗಡಿಯವನು ಅರ್ಧ ಬೋಳಿಸಿದ ಗಿರಾಕಿಯನ್ನು ಬಿಟ್ಟು ಬಂದು, ಬೇಡ ಬೇಡವೆಂದರೂ ಪ್ಲಗ್ ಬಿಚ್ಚಿ ಉಜ್ಜಿದ. ಟ್ರಾಫಿಕ್ ಪೊಲೀಸು ಮಾತ್ರ ಎಲ್ಲ ಕೇಳಿಕೊಂಡು, “ಇಷ್ಟು ನಿಯತ್ತಿನವರನ್ನ ನಾನು ಸರ್ವೀಸಲ್ಲೇ ನೋಡಿಲ್ಲ” ಎಂದು ಸೆಲ್ಯೂಟ್ ಹೊಡೆದ. ಅವರಿಗೆ ಹೆಮ್ಮೆಯಾಯಿತು. ಹೆಂಡತಿ ಕೈಗಡಿಯಾರ ನೋಡಿಕೊಂಡಳು.

ಆಫೀಸಿನ ಗುಮಾಸ್ತ ತಲೆಯೆತ್ತದೆ ಕೇಳಿದ: “ಎರಡಾ, ನಾಲ್ಕಾ?”

“ಮೂರು.”

“ಫಾರಂನಲ್ಲಿ ಮೂರಿಲ್ಲ.”

“ಗಾಡಿಗೆ ಇದೆಯಲ್ಲ ಸಾರ್.”

ಗುಮಾಸ್ತ ನಿಯಮದ ಪುಸ್ತಕ ಹುಡುಕಿ ತಂದ. ಹಿಂದಿನ ಎರಡು ಚಕ್ರಗಳ ನಡುವೆ ಒಂದೂವರೆ ಅಡಿಗಿಂತ ಕಡಿಮೆ ಜಾಗವಿದ್ದರೆ ಎರಡನ್ನೂ ಒಂದೇ ಚಕ್ರವೆಂದು ಎಣಿಸಬೇಕಂತೆ. ಆಗ ಹಳೆಯ ಲೈಸನ್ಸೇ ಸಾಕು. ಟೇಪು ಸಿಕ್ಕಿದ್ದು ಹನ್ನೆರಡೂವರೆಗೆ. ಜಾಗ ಎರಡು ಅಡಿ ಇತ್ತು. “ಪರೀಕ್ಷೆ ಕೊಡಲೇಬೇಕು” ಎಂದು ಹೇಳಿ ಗುಮಾಸ್ತ ಊಟಕ್ಕೆ ಹೋದ.

ಪರೀಕ್ಷೆ ಮಾಡುವ ಸಾಹೇಬರು ಬಂದದ್ದು ಎರಡೂವರೆಗೆ. ಅವರ ಕೈಯಲ್ಲಿದ್ದದ್ದು ಎರಡು ಚಕ್ರದ ಪರೀಕ್ಷೆಯ ಪಟ್ಟಿಯೇ. “ಗಾಡಿ ನಿಲ್ಸಿ, ಎರಡೂ ಕಾಲು ಮೇಲಿಟ್ಟು ಒಂದು ನಿಮಿಷ ಬೀಳದೆ ಕೂತ್ಕೊಳ್ಳಿ.” ಇವರು ಕೂತರು. ಮೂರು ಕಾಲಿನ ಸ್ಟೂಲಿನ ಮೇಲೆ ಕೂತವರು ಬೀಳುವುದುಂಟೇ? ಸಾಹೇಬರು “ಸಮತೋಲನ ಬಹಳ ಚೆನ್ನಾಗಿದೆ” ಎಂದು ಬರೆದುಕೊಂಡರು. ಎಂಟರ ಆಕಾರದಲ್ಲಿ ಸುತ್ತುವಾಗ ಮಾತ್ರ ಹಿಂದಿನ ಚಕ್ರ ಗುರುತಿಗಿಟ್ಟ ಡಬ್ಬವೊಂದನ್ನು ಎಳೆದುಕೊಂಡೇ ಹೋಯಿತು. ಮೂರನೇ ಸಲಕ್ಕೆ ಪಾಸು. ಸಹಿಗೆ ಒಂದು ಕಿಟಕಿ, ಮೊಹರಿಗೆ ಇನ್ನೊಂದು. ಹೆಂಡತಿ ಬೆಂಚಿನ ಮೇಲೆ ಕೂತು, “ರೀ, ಮೂರಾಯ್ತು”, “ರೀ, ಮೂರೂವರೆ” ಎನ್ನುತ್ತಲೇ ಇದ್ದಳು. ಆಮೇಲೆ ಹೇಳುವುದನ್ನೂ ಬಿಟ್ಟಳು.

ಲೈಸನ್ಸ್ ಜೇಬಿಗೆ ಬಿದ್ದು, ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು, ಸಿಗ್ನಲ್ಲುಗಳಲ್ಲಿ ನಿಂತು ನಿಂತು ಅಕ್ಕನ ಮನೆ ತಲುಪಿದಾಗ ಐದಕ್ಕೆ ಹತ್ತು ನಿಮಿಷ. ಬಾಗಿಲಿಗೆ ಬೀಗ. ಪಕ್ಕದ ಇಸ್ತ್ರಿಯವನು ಅಂದ: “ಯಜಮಾನ್ರು ಸಾಮಾನು ತಗೊಂಡು ಸ್ಟೇಷನ್‌ಗೆ ಹೋದ್ರು. ಅಮ್ಮಾವ್ರು ನಿಮ್ಮ ಮನೆಗೇ ಹೊರಟ್ರು. ಫೋನ್ ಎತ್ತುತ್ತಿಲ್ಲ, ತಂಗೀನ ನೋಡದೆ ರೈಲು ಹತ್ತಲ್ಲ ಅಂದ್ರು.”

ಗಾಡಿ ಮನೆಯ ಕಡೆ ತಿರುಗಿತು. ಊರೆಲ್ಲ ದಾಟಿ ಮನೆ ಮುಟ್ಟಿದಾಗ ಐದು ಮೂವತ್ತೈದು. ಅಂಗಳದಲ್ಲಿ ಯಾರೂ ಇರಲಿಲ್ಲ. ಎದುರುಗಡೆ ಕಾಯಿದೆ ಮಾವ ತಮ್ಮ ಸ್ಕೂಟರನ್ನು ಸ್ಟ್ಯಾಂಡಿಗೆ ಹಾಕುತ್ತಿದ್ದರು.

“ಈಗ ಬಂದ್ರಾ? ನಿಮ್ಮಕ್ಕ ಮೂರು ಗಂಟೆಯಿಂದ ನಿಮ್ಮ ಮೆಟ್ಟಿಲ ಮೇಲೇ ಕೂತಿದ್ಲಮ್ಮ. ಲೈಸನ್ಸ್ ಆಫೀಸಿಗೇ ಹೋಗ್ತೀನಿ ಅಂದ್ಲು. ನಾನೇ ಬೇಡ ಅಂದೆ, ಇನ್ನೇನು ಬಂದ್ಬಿಡ್ತಾರೆ ಅಂತ. ಕೊನೆಗೆ ರೈಲು ತಪ್ಪುತ್ತಲ್ಲ ಅಂತ ಸ್ಕೂಟರಲ್ಲಿ ಕೂರಿಸ್ಕೊಂಡು ಹೋಗಿ ಬಿಟ್ಟು ಬಂದೆ. ಪಾಪ, ದಾರಿಯುದ್ದಕ್ಕೂ ಅಳ್ತಾನೇ ಇದ್ಲು.”

ಕನ್ನಡಕದವರು ಏನು ಕೇಳುವುದೆಂದು ತೋಚದೆ, ಬಾಯಿಗೆ ಬಂದದ್ದನ್ನು ಕೇಳಿದರು: “ಮಾವ, ನಿಮ್ಮ ಹತ್ರ ಸ್ಕೂಟರ್ ಲೈಸನ್ಸ್ ಇದೆಯಾ?”

“ನಂಗೆಲ್ಲಿ ಬಂತಪ್ಪಾ ಲೈಸನ್ಸು? ಯಾವತ್ತೂ ಮಾಡಿಸೇ ಇಲ್ಲ.” ಮಾವ ಅವರನ್ನು ಬೆಪ್ಪನನ್ನು ನೋಡುವಂತೆ ನೋಡಿದರು. “ಅಲ್ಲಯ್ಯಾ, ಅಕ್ಕ ತಂಗಿ ಅಗಲೋ ಹೊತ್ತು. ಅಂಥ ಹೊತ್ತಲ್ಲಿ ಯಾರಾದ್ರೂ ಕಾಯಿದೆ ನೋಡ್ತಾ ಕೂರ್ತಾರಾ?”

ಹೆಂಡತಿ ಸೀಟಿನಿಂದ ಇಳಿಯಲಿಲ್ಲ, ಅಳಲೂ ಇಲ್ಲ. ಹಿಡಿಕೆಯನ್ನು ಹಿಡಿದ ಕೈ ಹಾಗೇ ಇತ್ತು. ಅವರು ಹತ್ತಿರ ಹೋಗಿ ನಿಂತರು. ಆ ಗಾಡಿಯನ್ನು ಯಾಕಾದರೂ ತಂದೆನೋ ಎನ್ನಿಸಿತು.

“ತಪ್ಪು ನಂದೇ ಕಣೇ” ಎಂದರು.

“ಹೌದು, ನಿಮ್ದೇ” ಎಂದಳು ಅವಳು.

ಬೀದಿಗೆಲ್ಲ ಕೇಳುವ ಹಾಗೆ ಬೈದಿದ್ದರೂ ಅವರಿಗೆ ಅಷ್ಟು ನೋವಾಗುತ್ತಿರಲಿಲ್ಲ.